ಚಿಗರಿಗೊಂದು ಎಣ್ಣೆ

ನಾಯಿಗೆ ಕೊಡುವ ಎಣ್ಣೆಯ ಬಾಟಲಿಯ ಮೇಲೆ ನಗುವ ನಾಯಿಯ ಚಿತ್ರ ಯಾಕೆ ಹಾಕುತ್ತಾರೋ ನನಗೆ ಇವತ್ತಿಗೂ ತಿಳಿದಿಲ್ಲ. ನಾಯಿಯಂತೂ ಲೇಬಲ್ ಓದುವುದಿಲ್ಲ. ಓದಬೇಕಾದ ಮನುಷ್ಯ ಮುಂದಿನ ಚಿತ್ರ ನೋಡಿ ಕೊಳ್ಳುತ್ತಾನೆ, ಹಿಂದಿನ ಸಣ್ಣ ಅಕ್ಷರಗಳು ಹಾಗೇ ಉಳಿಯುತ್ತವೆ. ಮಹಾರಾಷ್ಟ್ರದ ಗಡಿಯ ಜತ್ತದಲ್ಲಿ ದನದ ಮೆಡಿಕಲ್ ಇಟ್ಟುಕೊಂಡು ಕೂತವಳು ನಾನು. ಕುರಿಗಳ ಜಂತಿನ ಔಷಧಿ, ಎಮ್ಮೆಗಳ ಕ್ಯಾಲ್ಸಿಯಂ, ಇವುಗಳಿಂದ ನನ್ನ ಅಂಗಡಿ ನಡೆಯುತ್ತದೆ. ನಾಯಿಯ ಎಣ್ಣೆಗಳು ಈಚಿನ ಫ್ಯಾಶನ್.

ಆ ಬೇಸಿಗೆಯಲ್ಲಿ ಸಾಂಗಲಿಯ ಕಡೆಯಿಂದ ಬರುವ ಒಬ್ಬ ರೆಪ್ರೆಸೆಂಟೇಟಿವ್ ಅಂಥದೇ ಒಂದು ಬಾಟಲಿಯನ್ನು ನನ್ನ ಕೌಂಟರಿನ ಮೇಲೆ ತಂದಿಟ್ಟ. ಅಷ್ಟು ಬಿಸಿಲಿನಲ್ಲೂ ಕುತ್ತಿಗೆಗೆ ಟೈ ಕಟ್ಟಿದ್ದ. ನನ್ನ ವಯಸ್ಸಿನ ಹೆಂಗಸರೆಲ್ಲ ಅವನಿಗೆ ಮಾವಶಿ, ಎಂದರೆ ಚಿಕ್ಕಮ್ಮ.

"ಮಾವಶಿ, ತ್ರೀ-ಸಿಕ್ಸ್-ನೈನ್! ಮೂರೂ ಒಮೆಗಾ ಒಂದರಾಗs. ನಾಯಿ ಕನ್ನಡಿಯಂಗ ಮಿಂಚ್ತದ ನೋಡ್ರಿ."

ನಾನು ಬಾಟಲಿ ತಿರುಗಿಸಿ ಹಿಂಭಾಗ ಓದಿದೆ. ಯಾವುದು ಹೆಚ್ಚಿದೆಯೋ ಅದನ್ನು ಮೊದಲು ಬರೆಯುವುದು ರೂಢಿ. ಮೊದಲು ಸೂರ್ಯಕಾಂತಿ ಎಣ್ಣೆ, ಆಮೇಲೆ ಸೋಯಾ, ಕೊನೆಯಲ್ಲಿ ಮುಖ ತೋರಿಸಿ ಹೋಗಲು ಬಂದ ನೆಂಟನ ಹಾಗೆ ಅಗಸಿ ಎಣ್ಣೆ.

"ಇದು ಅಡಿಗಿ ಎಣ್ಣಿ ಅದಪಾ," ಎಂದೆ. "ನಿನ್ನಂಗs ಟೈ ಕಟ್ಟಿಕೊಂಡು ಬಂದದ ಅಷ್ಟs."

ಅವನು ನಕ್ಕ. ಇಂಥವರಿಗೆ ಅವಮಾನವಾಗುವುದೇ ಇಲ್ಲ. ಒಮೆಗಾ ನೈನನ್ನು ನಾಯಿಯ ಮೈ ತಾನೇ ತಯಾರಿಸಿಕೊಳ್ಳುತ್ತದೆ. ಸಿಕ್ಸ್ ನಮ್ಮ ಕಡೆಯ ಪ್ರತಿ ಅಡುಗೆಮನೆಯಲ್ಲೂ ಡಬ್ಬಿಗಟ್ಟಲೆ ಇದೆ. ಕೊರತೆ ಬೀಳುವುದು ತ್ರೀ ಒಂದೇ, ಆ ಬಾಟಲಿಯಲ್ಲಿ ಹೆಸರಿಗಷ್ಟೇ ಇದ್ದದ್ದೂ ಅದೇ. ಕಾನ್ವೆಂಟಿನಲ್ಲಿ ನಮಗೆ ಕೆಮಿಸ್ಟ್ರಿ ಕಲಿಸಿದ ಸಿಸ್ಟರ್ ಒಬ್ಬರಿದ್ದರು. ಗಂಜಿ ಹಾಕಿದ ಬಿಳಿಯ ಉಡುಪು, ಅದಕ್ಕೆ ಲ್ಯಾಬಿನ ಸ್ಪಿರಿಟ್ಟಿನ ವಾಸನೆ. ಯಾವುದೇ ಬಾಟಲಿ ಕೈಗೆ ಬಂದರೂ "ರೀಡ್ ದ ಬ್ಯಾಕ್, ಚೈಲ್ಡ್" ಎನ್ನುತ್ತಿದ್ದರು. ಅವರು ಹೋಗಿ ಎಷ್ಟೋ ಕಾಲವಾಯಿತು. ನನ್ನನ್ನು ಚೈಲ್ಡ್ ಎನ್ನುವವರು ಈಗ ಭೂಮಿಯ ಮೇಲೆ ಯಾರೂ ಉಳಿದಿಲ್ಲ.

ಅದೇ ವಾರ ಸೊರಡಿಯಿಂದ ಒಂದು ನಾಯಿ ಬಂತು. ಟೆಂಪೋದ ಹಿಂಬದಿಯಲ್ಲಿ ಎಳೆಯ ಸೊಸೆಯೊಬ್ಬಳು ಅದನ್ನು ತಬ್ಬಿ ಕೂತಿದ್ದಳು, ಮುಂದೆ ಡ್ರೈವರಿನ ಪಕ್ಕ ಅವಳ ಅತ್ತೆ. ಶೈವ ಮನೆತನ, ಹೊಲ ಉಂಟು, ಒಣದ್ರಾಕ್ಷಿಯ ವ್ಯಾಪಾರ ಉಂಟು. ನಾಯಿ ನಮ್ಮ ಕಡೆಯ ಬೇಟೆನಾಯಿಯ ಜಾತಿ. ಉದ್ದ ಕಾಲು, ಸಣ್ಣ ನಡು, ಓಡಲೆಂದೇ ಹುಟ್ಟಿದ ಮೈ. ಹೆಸರು ಚಿಗರಿ, ಎಂದರೆ ಜಿಂಕೆ. ಸೊಸೆಯ ತವರು ಕುಣಿಕೋಣೂರ. ಮದುವೆಯಾಗಿ ಬರುವಾಗ ಟ್ರಂಕು, ಹಾಸಿಗೆಗಳ ಜೊತೆ ಇದನ್ನೂ ಕರೆತಂದಿದ್ದಳಂತೆ. ಈಗ ಅದರ ಎರಡೂ ಪಕ್ಕೆಗಳಲ್ಲಿ ಕೂದಲಿಲ್ಲ. ಚರ್ಮ ಕೆಂಪಾಗಿ, ಹೊಟ್ಟು ಎದ್ದು, ಕಿವಿಯಿಂದ ಹುಳಿ ನಾತ ಬರುತ್ತಿತ್ತು. ನಿಂತಲ್ಲಿ ನಿಲ್ಲದೆ ಕೆರೆದುಕೊಳ್ಳುತ್ತಿತ್ತು.

ಡಾಕ್ಟರು ತಮ್ಮ ಕೆಲಸ ನೆಟ್ಟಗೆ ಮಾಡಿದ್ದರು, ಅದನ್ನು ಒಪ್ಪಬೇಕು. ಚರ್ಮ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿ ಹುರುಕಿನ ಹುಳ ಇಲ್ಲ ಎಂದು ಖಾತ್ರಿ ಮಾಡಿಕೊಂಡಿದ್ದರು. ಉಣ್ಣಿ, ಚಿಗಟಗಳಿಗೆ ಔಷಧಿ ಆಗಿತ್ತು, ಕೀವಿಗೆ ಮಾತ್ರೆಯ ಕೋರ್ಸೂ ಮುಗಿದಿತ್ತು. ಉಳಿದದ್ದು ಅಲರ್ಜಿಯ ತುರಿಕೆ. ಅದಕ್ಕೆ ಆಸರೆಯಾಗಿ ಒಮೆಗಾ ತ್ರೀ ಬರೆದು, ಎದುರಿಗೆ ಫಿಶ್ ಆಯಿಲ್ ಎಂದಿದ್ದರು.

"ಬಾಯಾರ, ಏನ್ ಬರದಾರ ಇದರಾಗ?" ಅತ್ತೆ ಕೇಳಿದಳು.

"ಮೀನೆಣ್ಣಿ."

"ಮೀನs!" ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. "ನಮ್ಮ ಹೊಸ್ತಲಾ ದಾಟಿ ಇನ್ನತನಕ ತತ್ತಿ ಸುದ್ದಾ ಬಂದಿಲ್ಲ."

"ತಿನ್ನೂದು ನಾಯಿರಿ, ನೀವಲ್ಲ."

"ನಾಯಿ ಯಾರ ಮನ್ಯಾಗ ಅದ? ಹೇಳ್ರಿ."

ಅತ್ತೆ ಮತ್ತೆ ಕೂತು ಸೆರಗು ಸರಿಪಡಿಸಿಕೊಂಡು ಹೇಳಿದಳು: "ಶ್ರಾವಣದಾಗ ಸ್ವಾಮಿಗೋಳು ಪಾದಪೂಜಾಕ್ಕ ಬರ್ತಾರ. ಅಷ್ಟರಾಗ ಈ ನಾತ, ಈ ಕೆರಕೋಣೂದು ನಿಂತ್ರ ಚಲೋ. ಇಲ್ಲಂದ್ರ ಮಾಡಗ್ಯಾಳದ ಕುರಿಯವರಿಗೆ ಕೊಟ್ಟಬಿಡ್ತೀವಿ. ಕೇಳೀನಿ, ಹೂಂ ಅಂದಾರ."

ಸೊಸೆಯ ಬೆರಳು ನಾಯಿಯ ಕಿವಿಯ ಬುಡದಲ್ಲಿ ಆಡುತ್ತಿತ್ತು. ಗಂಡನ ಮನೆಯಲ್ಲಿ ಅವಳದೆಂದು ಹೇಳಬಹುದಾದದ್ದು ಬಹುಶಃ ಆ ನಾಯಿಯೊಂದೇ ಎಂದು ನನಗೆ ಅನ್ನಿಸಿತು.

ಎಣ್ಣೆ ಆರಿಸುವ ಮೊದಲು ಈಗ ಬಟ್ಟಲಿಗೆ ಏನೇನು ಬೀಳುತ್ತಿದೆ ಎಂದು ಕೇಳಬೇಕು. ಯಾರೂ ಕೇಳುವುದಿಲ್ಲ. ಕೇಳಿದೆ. ಜೋಳದ ರೊಟ್ಟಿ, ಹಾಲು. "ಮತ್ತೇನು?" ಸೊಸೆ ಮೆಲ್ಲಗೆ, "ಮ್ಯಾಲೆ ಕುಸುಬಿ ಎಣ್ಣಿ ಹಾಕ್ತಾರ್ರಿ ಅವರು" ಎಂದಳು. ಅವರು ಎಂದರೆ ಗಂಡ. ಮೊಬೈಲಿನಲ್ಲಿ ಯಾರೋ ಒಬ್ಬ ಹೇಳಿದನಂತೆ, ನಾಯಿಯ ಕೂದಲಿಗೆ ಎಣ್ಣೆ ಬೇಕು ಎಂದು. ಯಾವ ಎಣ್ಣೆ ಎಂದು ಅವನು ಹೇಳಲಿಲ್ಲ, ಇವನೂ ಕೇಳಲಿಲ್ಲ. ಗಾಣದ ಕುಸುಬಿ ಎಣ್ಣೆಯನ್ನು ಸೌಟಿನಲ್ಲಿ ಎರಡೂ ಹೊತ್ತು ಸುರಿದ. ದ್ರಾಕ್ಷಿಯ ಒಂದು ಕಾಳು ಹಿಚುಕಿ ಇಡೀ ಮಾಲಿನ ದರ ಕಟ್ಟಬಲ್ಲ ಗಂಡಸು ಮೊಬೈಲಿನ ಮುಂದೆ ಕೂತರೆ ಬುದ್ಧಿಯನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟಿರುತ್ತಾನೆ. ಆನೆಸ್ಟ್ಲಿ, ನಾನು ನೋಡಿ ನೋಡಿ ಸಾಕಾಗಿದ್ದೇನೆ.

ಕುಸುಬಿ ಕೆಟ್ಟ ಎಣ್ಣೆಯಲ್ಲ. ಅದರ ತುಂಬ ಒಮೆಗಾ ಸಿಕ್ಸ್ ಇದೆ, ಚರ್ಮಕ್ಕೆ ಅದೂ ಬೇಕು. ಆದರೆ ಚಿಗರಿಗೆ ಅದರ ಬರ ಇರಲಿಲ್ಲ, ಪ್ರವಾಹ ಬಂದಿತ್ತು. ಜೊತೆಗೆ ಭೇದಿ ಬೇರೆ. ಮೊದಲು ಆ ಸೌಟು ನಿಲ್ಲಿಸಿ ಎಂದೆ. ಹಾಲು ಕಡಿಮೆ ಮಾಡಿ, ಹೆಸರುಬೇಳೆ ಮೆತ್ತಗೆ ಬೇಯಿಸಿ ಹಾಕಿ, ಮನೆಯಲ್ಲೇ ಹಾಲು ಒಡೆಸಿ ಮಾಡಿದ ಪನೀರು ಹಾಕಿ. ಮೀನು ಬೇಡವೆಂದರೆ ಸದ್ಯಕ್ಕೆ ಅಗಸಿ ಎಣ್ಣೆ: ಬಿಸಿ ಮಾಡದೆ ತೆಗೆದದ್ದು, ಹೊಸದು, ಕಪ್ಪು ಬಾಟಲಿಯದು. ಫ್ರಿಜ್ಜಿನಲ್ಲಿಡಬೇಕು, ಚಹಾದ ಚಮಚೆಯ ಅರ್ಧದಷ್ಟು ತಣ್ಣನೆಯ ಊಟದ ಮೇಲೆ ಹಾಕಬೇಕು. ಅಗಸಿಯಲ್ಲಿರುವ ಒಮೆಗಾ ತ್ರೀಯನ್ನು ನಾಯಿಯ ಮೈ ಬೇಕಾದ ರೂಪಕ್ಕೆ ಬದಲಿಸಿಕೊಳ್ಳುವುದು ತೀರ ಸ್ವಲ್ಪ. ಅದು ಸೆಕೆಂಡ್ ಬೆಸ್ಟ್ ಎಂದು ನನಗೆ ಗೊತ್ತಿತ್ತು, ಅವರಿಗೂ ಬಾಯಿಬಿಟ್ಟು ಹೇಳಿದೆ. ಫೋನಿನಲ್ಲಿ ಡಾಕ್ಟರೂ "ನೋಡೋಣ, ಮಾಡ್ರಿ" ಎಂದರು.

ಅತ್ತೆ ಮುಖ ಅರಳಿಸಿ, "ಅಗಸಿ ನಮ್ಮನ್ಯಾಗs ಭಾಳ ಅದ" ಎಂದು ಎದ್ದು ಹೋದಳು. ಎಣ್ಣೆಯ ಬಾಟಲಿ ಕೊಳ್ಳಲಿಲ್ಲ.

ನಾಲ್ಕಾರು ದಿನ ಕಳೆದಿರಬೇಕು, ಸೊಸೆಯ ಫೋನು. ಚಿಗರಿ ಕಾರಿಕೊಳ್ಳುತ್ತಿದೆ, ಏಳುತ್ತಿಲ್ಲ, ತುರಿಕೆ ಹೆಚ್ಚಾಗಿದೆ.

"ಎಣ್ಣಿ ಎಷ್ಟು ಹಾಕಿದಿ?"

"ಎಣ್ಣಿ ಎಲ್ಲೀದ್ರಿ ಮ್ಯಾಡಮ್, ಅತ್ತಿಯವರು ಅಗಸಿ ಚಟ್ನಿ ಹಾಕಾತಾರ. ರೊಟ್ಟಿಗಿ ಹಚ್ಚಿ."

ಅಗಸಿ ಚಟ್ನಿ! ಹುರಿದ ಅಗಸಿ, ಒಣಮೆಣಸಿನಕಾಯಿ, ಉಪ್ಪು, ಮೇಲೆ ಮುಷ್ಟಿ ತುಂಬ ಬಳ್ಳೊಳ್ಳಿ, ಎಲ್ಲ ಕುಟ್ಟಿದ ಪುಡಿ. ನಮ್ಮ ಕಡೆ ಅಗಸಿ ಎಂದರೆ ಎಲ್ಲರ ಕಣ್ಣಿಗೂ ಅದೇ ಬರುತ್ತದೆ, ರೊಟ್ಟಿಯ ಜೊತೆ ನನಗೂ ಅದು ಬೇಕು. ಆದರೆ ಬಳ್ಳೊಳ್ಳಿ ಹೆಚ್ಚಾದರೆ ನಾಯಿಯ ರಕ್ತದ ಕೆಂಪು ಕಣಗಳೇ ಒಡೆಯುತ್ತವೆ. ಹುರಿದು ಕುಟ್ಟಿ ಇಟ್ಟ ಅಗಸಿಯ ಎಣ್ಣೆಯೋ ಡಬ್ಬಿಯಲ್ಲೇ ಕೆಡುತ್ತ ಹೋಗುತ್ತದೆ. ಮೇಲಿನ ತುಟಿ ಎತ್ತಿ ವಸಡು ಒತ್ತಿ ನೋಡು ಎಂದೆ. "ಬೆಳ್ಳಗಾಗೇದ್ರಿ" ಎಂದಳು. ಈಗಿಂದೀಗಲೇ ಡಾಕ್ಟರ ಹತ್ತಿರ ಹೋಗು ಎಂದೆ. ಅವರು ರಕ್ತ ನೋಡಿ, ಸಲೈನ್ ಹಚ್ಚಿ, ಎರಡು ದಿನ ಅಲ್ಲೇ ಕಟ್ಟಿಕೊಂಡರು. ಪುಣ್ಯಕ್ಕೆ ಉಳಿಯಿತು. ಅಗಸಿಯ ಸಹವಾಸ ಸಾಕು, ಮೀನೆಣ್ಣೆಯನ್ನೇ ಕೊಡಿ ಎಂದರು.

ಅತ್ತೆಗೆ ಪಶ್ಚಾತ್ತಾಪದ ಸುಳಿವೂ ಇಲ್ಲ. ಅಂಗಡಿಗೆ ಬಂದು ನನ್ನನ್ನೇ ಕೇಳಿದಳು: "ಎಣ್ಣಿ ಅಗಸ್ಯಾಗs ಇರೂದಲ್ಲೇನ್ರಿ ಬಾಯಾರ? ನಮ್ಮನ್ಯಾಗ ಬಾಣಂತಿಗೂ ಇದನ್ನs ಕೊಡ್ತೀವಿ. ಬಾಣಂತಿಗಿಂತಾ ನಾಜೂಕೇನು ಇದು?"

"ಬಾಣಂತಿ ಖಾರಾದ್ರ ಖಾರ ಅಂತಾಳ್ರಿ ಅವ್ವಾರ. ಇದಕ್ಕ ಬಾಯಿಲ್ಲ."

"ಬಾಯಿಲ್ಲದ್ದು ರಾತ್ರಿಯೆಲ್ಲಾ ಕುಂಯ್‌ಗುಡತಿತ್ತಲ್ಲ, ಮತ್ತ?"

ಅದೇ ಹೊತ್ತಿಗೆ ರೆಪ್ರೆಸೆಂಟೇಟಿವ್ ಮತ್ತೆ ಬಂದ. ಈ ಸಲ ಅವನ ಚೀಲದಲ್ಲಿ ಕಾಡ್ ಲಿವರ್ ಆಯಿಲ್. ಅತ್ತೆ ಪಕ್ಕದ ಅಂಗಡಿಗೆ ದನದ ಹಗ್ಗ ಕೊಳ್ಳಲು ಹೋಗಿದ್ದಳು, ಸೊಸೆ ಬಾಗಿಲಲ್ಲಿ ನಿಂತಿದ್ದಳು.

"ಮೀನಾದ್ರ ಮೀನs ಅಲ್ಲೇನ್ರಿ ಮಾವಶಿ? ಇದನ್ನs ಕೊಡ್ರಿ."

ಅಲ್ಲ. ಮೀನಿನ ಮೈಯಿಂದ ತೆಗೆದ ಎಣ್ಣೆ ಬೇರೆ, ಮೀನಿನ ಪಿತ್ತಜನಕಾಂಗದಿಂದ ತೆಗೆದದ್ದು ಬೇರೆ. ಎರಡನೆಯದರಲ್ಲಿ ವಿಟಮಿನ್ ಎ, ಡಿ ಎರಡೂ ಹೇರಳ. ಚರ್ಮಕ್ಕೆ ಬೇಕಾದಷ್ಟು ಒಮೆಗಾ ಸಿಗಬೇಕೆಂದು ಅದನ್ನೇ ಸುರಿಯುತ್ತ ಹೋದರೆ ವಿಟಮಿನ್ನೇ ವಿಷವಾಗಿ ಎಲುಬಿಗೆ ಕೂರುತ್ತದೆ. ಊರೂರು ತಿರುಗಿ ಇದನ್ನು ಮಾರುವವನಿಗೆ ಇಷ್ಟು ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವ ಆಸೆಯೂ ಇಲ್ಲ.

ಅತ್ತೆಯ ತಕರಾರು ಏನೆಂದು ಸೊಸೆಯಿಂದ ಕೇಳಿ ತಿಳಿದು ಅವನು ಕಣ್ಣು ಮಿಟುಕಿಸಿದ. "ಲೇಬಲ್ ಕಿತ್ತು ಕೊಟ್ಟಬಿಡ್ರಿ. ಯಾರ್ ನೋಡ್ತಾರ?"

ಅವನನ್ನು ಹೊರಗೆ ಅಟ್ಟಿದೆ. ಆದರೆ ಮಾತು ಒಳಗೇ ಉಳಿಯಿತು. ಸೊಸೆ ಕೌಂಟರಿನ ಹತ್ತಿರ ಬಂದು, ಹೊರಗೆ ಒಮ್ಮೆ ಇಣುಕಿ, ದನಿ ತಗ್ಗಿಸಿದಳು.

"ಮ್ಯಾಡಮ್, ಚಲೋ ಮೀನೆಣ್ಣಿ ಇದ್ದದ್ದು ಕೊಡ್ರಿ. ಲೇಬಲ್ ಕಿತ್ತು ಕೊಡ್ರಿ. ಅಗಸಿದು ಅಂತ ನಾ ಹೇಳ್ತೀನಿ. ನಿಮ್ಮ ಹೆಸರು ತರಂಗಿಲ್ರಿ."

"ಗೊತ್ತಾದ್ರ?"

"ಗೊತ್ತಾದ್ರ ನನ್ನ ಬೈತಾರ. ಬೈಲಿ. ಅದು ಹೋಗೂದಕ್ಕಿಂತಾ ಚಲೋ ಅಲ್ರಿ?"

ಕೈಗೆ ನಿಲುಕುವ ದೂರದಲ್ಲಿ ಒಳ್ಳೆಯ ಮೀನೆಣ್ಣೆಯ ಕ್ಯಾಪ್ಸೂಲು ಇತ್ತು. ನನಗೆ ಆ ಅತ್ತೆಯ ಮೇಲೆ ಯಾವ ಗೌರವವೂ ಇರಲಿಲ್ಲ. ನಾಯಿಯನ್ನು ಕೇಳದೆ ಅದಕ್ಕೆ ವ್ರತ ಹಿಡಿಸಿದವಳು, ಚಟ್ನಿ ತಿನ್ನಿಸಿ ಸಾವಿನ ಬಾಗಿಲಿಗೆ ಒಯ್ದವಳು. ಅವಳಿಗೆ ಮೋಸವಾದರೆ ಆಗಲಿ ಎಂದು ಒಂದು ಗಳಿಗೆ ಅನ್ನಿಸಿದ್ದು ನಿಜ. ಆದರೆ ಔಷಧಿ ಮಾರುವವಳ ಕೈಯಿಂದ ಹೆಸರಿಲ್ಲದ ಬಾಟಲಿ ಹೋಗಬಾರದು. ನಾಳೆ ಆ ನಾಯಿಗೆ ಏನೋ ಆಗಿ ಇನ್ನೊಬ್ಬ ಡಾಕ್ಟರು "ಏನು ಕೊಟ್ಟಿರಿ" ಎಂದು ಕೇಳಿದರೆ, ಆ ಹುಡುಗಿ ಅಗಸಿ ಎಂದೇ ಹೇಳಬೇಕಾಗುತ್ತದೆ. ಅಲ್ಲದೆ, ಉಣ್ಣುವ ವಿಷಯದಲ್ಲಿ ಒಬ್ಬರ ಮನೆಯೊಳಗೆ ಕಳ್ಳತನದಿಂದ ಕೈ ಹಾಕುವುದು ಅಸಹ್ಯ. ಮನೆಯವರು ಎಷ್ಟೇ ದಡ್ಡರಿರಲಿ.

"ನೋ," ಎಂದೆ. "ಕೊಡಂಗಿಲ್ಲ. ಇನ್ನೊಂದು ದಾರಿ ಹುಡುಕೋಣು."

ಅವಳ ಕಣ್ಣು ತುಂಬಿತು. ನನ್ನನ್ನು ಅತ್ತೆಯ ಸಾಲಿಗೆ ಸೇರಿಸಿಬಿಟ್ಟಳು ಎಂದು ಅವಳ ಮುಖ ನೋಡಿಯೇ ತಿಳಿಯಿತು.

ಇನ್ನೊಂದು ದಾರಿ ಇತ್ತು. ಮೀನು ಒಮೆಗಾವನ್ನು ತಾನೇ ಮಾಡುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ, ಸಮುದ್ರದ ಪಾಚಿ ಅದನ್ನು ಮಾಡುತ್ತದೆ. ಅದನ್ನು ಸಣ್ಣ ಜೀವಿ ತಿನ್ನುತ್ತದೆ, ಆ ಜೀವಿಯನ್ನು ಮೀನು ತಿನ್ನುತ್ತದೆ. ಆ ಪಾಚಿಯನ್ನು ಈಗ ಉಕ್ಕಿನ ತೊಟ್ಟಿಗಳಲ್ಲಿ ಬೆಳೆಸಿ ನೇರವಾಗಿ ಎಣ್ಣೆ ತೆಗೆಯುತ್ತಾರೆ. ಮನುಷ್ಯರಿಗೆಂದು ಮಾಡಿದ್ದು, ಸಸ್ಯಾಹಾರಿಗಳು ಕೊಳ್ಳುತ್ತಾರೆ.

ಹುಡುಕಾಟ ಸುಲಭವಾಗಲಿಲ್ಲ. ಒಮೆಗಾ ತ್ರೀಯಲ್ಲಿ ನಾಯಿಗೆ ಬೇಕಾದ ರೂಪಗಳು ಎರಡು, ಇಪಿಎ ಮತ್ತು ಡಿಎಚ್‌ಎ. ತುರಿಕೆಯ ಉರಿಯನ್ನು ತಗ್ಗಿಸುವುದರಲ್ಲಿ ಇಪಿಎ ಮುಂದು. ಮಾರುಕಟ್ಟೆಯಲ್ಲಿದ್ದ ಪಾಚಿ ಎಣ್ಣೆಗಳಲ್ಲಿ ಹೆಚ್ಚಿನವು ಬಸುರಿಯರಿಗೆಂದು ಮಾಡಿದವು, ಬರೀ ಡಿಎಚ್‌ಎ. ಇನ್ನೊಂದು ಮಕ್ಕಳ ಚೀಪುಮಿಠಾಯಿ, ಸಿಹಿಗೆ ಕ್ಸೈಲಿಟಾಲ್ ಹಾಕಿದ್ದು. ಅದು ನಾಯಿಗೆ ಶುದ್ಧ ವಿಷ. ಮತ್ತೊಂದರ ಮುಂಭಾಗದಲ್ಲಿ ಕಣ್ಣು ಕುಕ್ಕುವ ದೊಡ್ಡ ಅಂಕಿ. ಹಿಂದೆ ಓದಿದರೆ ಅದು ಇಡೀ ಎಣ್ಣೆಯ ತೂಕ; ಅದರೊಳಗಿನ ಇಪಿಎ, ಡಿಎಚ್‌ಎ ಎಷ್ಟು ಎಂಬುದನ್ನು ಬರೆಯುವ ಮರ್ಯಾದೆಯನ್ನೂ ತೋರಿಸಿರಲಿಲ್ಲ. ಕಳ್ಳರು. ಕೊನೆಗೆ ಎರಡನ್ನೂ ಬೇರೆ ಬೇರೆಯಾಗಿ ನಮೂದಿಸಿದ ಒಂದು ಕ್ಯಾಪ್ಸೂಲು ಸಿಕ್ಕಿತು. ಡಾಕ್ಟರು ನಾಯಿಯ ತೂಕ ನೋಡಿ ಪ್ರಮಾಣ ಕಟ್ಟಿಕೊಟ್ಟರು.

ಮೊದಲ ಪಾರ್ಸೆಲ್ ಮಧ್ಯಾಹ್ನದ ಬಿಸಿಲಿನಲ್ಲಿ ವ್ಯಾನಿನೊಳಗೆ ಬೆಂದು ಬಂತು. ಒಂದು ಕ್ಯಾಪ್ಸೂಲು ಕತ್ತರಿಸಿ, ಸಿಸ್ಟರ್ ಕಲಿಸಿದಂತೆ ಮೂಗು ತುರುಕದೆ ಅಂಗೈಯಿಂದ ಗಾಳಿ ಎಳೆದು ಮೂಸಿದೆ. ಹಳೆಯ ಬಾಗಿಲ ಬಣ್ಣದ ವಾಸನೆ. ಎಣ್ಣೆ ಕಮಟಿತ್ತು. ಕಮಟಿದ ಎಣ್ಣೆ ಕೊಡುವುದಕ್ಕಿಂತ ಕೊಡದಿರುವುದು ಮೇಲು. ಹಿಂದಕ್ಕೆ ಕಳಿಸಿದೆ. "ಯಾರೂ ಕತ್ತರಿಸಿ ನೋಡಂಗಿಲ್ರಿ ಮ್ಯಾಡಮ್" ಎಂದು ಫೋನಿನಲ್ಲಿ ಒಬ್ಬ ಗೊಣಗಿದ. "ಅದಕ್ಕs ನೀವು ಕಳಸ್ತೀರಿ" ಎಂದೆ. ಎರಡನೆಯ ಪಾರ್ಸೆಲ್ಲನ್ನು ತಂಪು ಹೊತ್ತಿನ ಬಸ್ಸಿಗೆ ಹಾಕಿಸಿ, ಲಸಿಕೆಯ ಫ್ರಿಜ್ಜಿನಲ್ಲಿ ಇಟ್ಟುಕೊಂಡೆ. ಅದು ತಾಜಾ ಇತ್ತು.

ಅತ್ತೆಗೆ ತಿಳಿಸುವುದು ಉಳಿದಿತ್ತು.

"ಪಾಚಿ? ಬಾವ್ಯಾಗ ಜಾರತದಲ್ಲ, ಅದೇನ್ರಿ?"

"ಅದರ ಪೈಕಿ."

"ಅಯ್ಯ ಶಿವನ! ಇಷ್ಟು ಓದೀರಿ ಅಂತಾರ. ನಾಯಿಗಿ ಪಾಚಿ ತಿನಸಾಕ ಹೊಂಟೀರಲ್ಲ. ಸಮುದ್ರದಾಗಿನದು ಅಂದ್ರ ಮೀನ ಸೋಕಿರ್ತದಿಲ್ಲೋ?"

"ಸಮುದ್ರದಿಂದ ತರೂದಿಲ್ರಿ. ತೊಟ್ಯಾಗ ಬೆಳಸ್ತಾರ, ತೊಟ್ಯಾಗ ಮೀನಿಲ್ಲ. ನೋಡ್ರಿ, ಹಸರ ಚುಕ್ಕಿ."

ಅವಳು ಪೊಟ್ಟಣದ ಮೇಲಿನ ಹಸಿರು ಚುಕ್ಕಿಯನ್ನು ಉಗುರಿನಿಂದ ಕೆರೆದು ನೋಡಿದಳು, ಅಂಟಿಸಿದ್ದೋ ಎಂದು. "ಎಷ್ಟ್ ದಿನಕ್ಕ ಗುಣ?" ಎಂದಳು. ಆರೆಂಟು ವಾರಕ್ಕೆ ಮೊದಲು ಏನೂ ಹೇಳಲಾಗದು ಎಂದೆ. ಕೂದಲು ಇನ್ನೂ ತಡ, ಬಾರದೆಯೂ ಇರಬಹುದು. "ಹಂಗಾರ ಯಾಕ ಕೊಡಬೇಕು?" ಎಂದಳು. ತುರಿಕೆ ತಗ್ಗಬಹುದು, ಅದಕ್ಕೆ ಎಂದೆ. ಗ್ಯಾರಂಟಿ ಕೊಡದ ಅಂಗಡಿಯವಳನ್ನು ಅವಳು ಎಂದೂ ಕಂಡಿರಲಿಲ್ಲ, ಬಹುಶಃ.

ಕಾಲುಭಾಗದಿಂದ ಶುರು ಮಾಡಿ, ಹೊಟ್ಟೆ ತಡೆದುಕೊಳ್ಳುವುದನ್ನು ನೋಡುತ್ತ ಪೂರ್ತಿ ಪ್ರಮಾಣಕ್ಕೆ ಏರಿಸಿದೆವು. ಸೊಸೆ ಸಂತೆಯ ದಿನಗಳಲ್ಲಿ ನಾಯಿಯನ್ನು ಕರೆತಂದು ತೋರಿಸಿ ಹೋಗುತ್ತಿದ್ದಳು, ನನ್ನೊಡನೆ ಹೆಚ್ಚು ಮಾತಿಲ್ಲ. ಮೊದಲು ಭೇದಿ ನಿಂತಿತು. ಆಮೇಲೆ ಕಿವಿಯ ನಾತ. ಆಷಾಢ ಮುಗಿಯುವ ಹೊತ್ತಿಗೆ ಚರ್ಮದ ಕೆಂಪು ಇಳಿದಿತ್ತು, ಚಿಗರಿ ಅಂಗಡಿಯ ಮುಂದೆ ಕಾಲು ಮಡಿಚಿ ಮಲಗುವಷ್ಟು ಸಮಾಧಾನ ಬಂದಿತ್ತು. ಪಕ್ಕೆಯ ಮೇಲೆ ಮಾತ್ರ ಇನ್ನೂ ಕೂದಲಿರಲಿಲ್ಲ, ಕೈಯಾಡಿಸಿದರೆ ಸಿಗುವಷ್ಟು ತೆಳು ತುಪ್ಪಳ. ಶ್ರಾವಣ ಬಾಗಿಲಲ್ಲಿತ್ತು.

ಒಂದು ಬೆಳಿಗ್ಗೆ ಅಂಗಡಿ ತೆರೆಯುತ್ತಲೇ ಅತ್ತೆ ಬಂದಳು. ಹಿಂದೆ ಕ್ಯಾಪ್ಸೂಲಿನ ಪೊಟ್ಟಣ ಹಿಡಿದ ಸೊಸೆ, ಅವಳ ಹಿಂದೆ ನಾಯಿ. ಅತ್ತೆ ಮುಷ್ಟಿ ಬಿಚ್ಚಿ ಒಡೆದ ಕ್ಯಾಪ್ಸೂಲನ್ನು ಕೌಂಟರಿನ ಮೇಲೆ ಬಡಿದಳು.

"ಮೂಸ್ರಿ!"

ಮೂಸಬೇಕಾದ ಅಗತ್ಯ ಇರಲಿಲ್ಲ. ಅವಳ ಬೆರಳಿನಿಂದಲೇ ಬರುತ್ತಿತ್ತು, ಮೀನಿನ ವಾಸನೆ.

"ಇಷ್ಟ್ ದಿನಾ ಇಕಿ ರೊಟ್ಟ್ಯಾಗ ಮುಚ್ಚಿ ಹಾಕತಿದ್ಲು. ಇವತ್ತ ನಾ ಒಡದೆ. ಮನಿಯೆಲ್ಲಾ ನಾತ! ಹಸರ ಚುಕ್ಕಿ ತೋರಿಸಿ ಮೀನ ತಿನಿಸಿದ್ರಲ್ಲ ಬಾಯಾರ? ನಿಮ್ಮ ವಯಸ್ಸಿಗಿ ನಾಚಿಕಿ ಬರಬೇಕು. ಸಂಜೀಕ ಮಾಡಗ್ಯಾಳದವರು ಬರ್ತಾರ, ಒಯ್ತಾರ. ಮುಗೀತು."

ಮೀನಲ್ಲವೆಂದು ನಾನು ಎಷ್ಟು ಹೇಳಿದರೂ ಕೇಳುವ ಮುಖ ಅದಲ್ಲ. ಪೊಟ್ಟಣ ತೋರಿಸಿದೆ. "ಅಚ್ಚು ಹಾಕಾವ್ರಿಗಿ ರೊಕ್ಕಾ ಕೊಟ್ರ ಏನರೆ ಹಾಕ್ತಾರ" ಎಂದಳು. ಇಷ್ಟು ದಿನ ನಾನು ಲೇಬಲ್ಲುಗಳ ಬಗ್ಗೆ ಆಡಿದ ಮಾತನ್ನೇ ಅವಳು ನನ್ನ ಮುಖಕ್ಕೆ ಎಸೆದಿದ್ದಳು.

ಆಗ ಸೊಸೆ ಬಾಯಿ ತೆರೆದಳು.

"ಅತ್ತೀ, ಮ್ಯಾಡಮ್ ಸುಳ್ಳ ಹೇಳಾವ್ರಲ್ರಿ."

"ನೀ ಸುಮ್ನಿರು."

"ಮೀನೆಣ್ಣಿ ಕೊಡ್ರಿ, ಲೇಬಲ್ ಕಿತ್ತು ಕೊಡ್ರಿ ಅಂತ ನಾನs ಕೇಳಿದ್ದೆ. ನೀವು ಹಗ್ಗ ತರಾಕ ಹೋಗಿದ್ರಿ. ಅಗಸಿದು ಅಂತ ನಿಮಗ ಹೇಳಾವಳಿದ್ದೆ. ಅವರು ಕೊಡಲಿಲ್ಲ."

ಅತ್ತೆ ಸೊಸೆಯನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಆ ಹುಡುಗಿ ಕಣ್ಣು ಕೆಳಗಿಳಿಸಲಿಲ್ಲ. ಅಷ್ಟು ದಿನಗಳಲ್ಲಿ ಅವಳು ಹಾಗೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನನ್ನ ಮನ್ಯಾಗ, ನನ್ನ ಕಣ್ಣಿಗಿ ಮಣ್ಣ ಹಾಕಾವಳಿದ್ದಿ."

"ಹೂಂ ರಿ."

ಅತ್ತೆ ಕುರ್ಚಿಯ ಮೇಲೆ ಕೂತಳು. ಬೆರಳನ್ನು ಮತ್ತೊಮ್ಮೆ ಮೂಸಿ ಮುಖ ಕಿವುಚಿದಳು.

"ಮೀನಿಲ್ಲಂದ್ರ ಮೀನಿನ ನಾತ ಎಲ್ಲಿಂದ ಬಂತ್ರಿ ಇದಕ್ಕ?"

"ಮೀನಿಗಿ ಎಲ್ಲಿಂದ ಬಂತು ಅಂತ ಕೇಳ್ರಿ," ಎಂದೆ. "ಇದನ್ನ ತಿಂದs ಬರ್ತದ."

"ಅಂದ್ರ ಇದಕ್ಕ ಮೀನಿನ ನಾತಲ್ಲ. ಮೀನಿಗಿ ಇದರ ನಾತ."

"ಎಕ್ಸಾಕ್ಟ್‌ಲಿ."

"ಹಂಗಂತ ಮದಲs ಹೇಳಬಾರದೇನ್ರಿ? ಇಷ್ಟ್ ಇಂಗ್ಲೀಷ್ ಮಾತಾಡ್ತೀರಿ."

ಎದ್ದಳು. ಸೊಸೆಯ ಕೈಯಲ್ಲಿದ್ದ ಕ್ಯಾಪ್ಸೂಲಿನ ಪೊಟ್ಟಣವನ್ನು ಕಸಿದುಕೊಂಡು ತನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ಇನ್ನ ಮ್ಯಾಲೆ ನಾನs ಹಾಕ್ತೀನಿ. ನಿನ್ನ ಮ್ಯಾಲೆ ನಂಬಿಗಿಲ್ಲ ನನಗ," ಎಂದು ಮೆಟ್ಟಿಲಿಳಿದವಳು ಅಲ್ಲಿಂದಲೇ, ತಿರುಗಿ ನೋಡದೆ, ಕೂಗಿದಳು: "ಮಾಡಗ್ಯಾಳದವ್ರಿಗಿ ಫೋನ್ ಹಚ್ಚು. ಬರೂದು ಬ್ಯಾಡ ಅನ್ನು. ಪಾದಪೂಜಾ ದಿನ ದನದ ಕೊಟ್ಟಗ್ಯಾಗ ಕಟ್ಟಿದ್ರಾತು."

ಸೊಸೆ ಫೋನು ತೆಗೆದಳು. ಎರಡು ಸಲ ತಪ್ಪು ನಂಬರು ಒತ್ತಿದಳು. ಮೂರನೆಯ ಸಲ ನನ್ನ ಕೈಗೆ ಕೊಟ್ಟಳು. ನಾನೇ ಹಚ್ಚಿ ಹೇಳಿದೆ.